ಬಯ್ಯೋದು ಲೋಕಲ್ ಕಾಲ್, ಹೊಗಳೋದು ಟ್ರಂಕ್ ಕಾಲ್

ಅಕ್ಕ ಹೋದ ಸುದ್ದಿಯನ್ನು ನನಗೆ ಮೊದಲು ಹೇಳಿದವನು ತರಕಾರಿ ಗಾಡಿಯವನು. ಆಮೇಲೆ ಹಿಟ್ಟಿನ ಗಿರಣಿಯವರು. ನಾನು ಅಕ್ಕನ ಪಕ್ಕದ ಮನೆಯವಳು. ಆದರೆ ಆ ಬೆಳಗ್ಗೆ ತರೀಕೆರೆಯಲ್ಲಿ ಒಂದು ಮದುವೆಗೆ ಹೋಗಿದ್ದೆ. ಮಧ್ಯಾಹ್ನ ಕಡೂರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಮನೆಗೆ ನಡೆದು ಬರುವಷ್ಟರಲ್ಲಿ ಇಬ್ಬರೂ ತಡೆದು ಹೇಳಿದರು. ಗಿರಣಿಯವರು ಅಂದದ್ದು, "ಮೇಡಂ, ಇನ್ಮೇಲೆ ನಮ್ಮನ್ನ ಬಯ್ಯೋರೇ ಇಲ್ಲ ಕಣ್ರೀ." ಹಾಗೆಂದು ಅವರು ಕಣ್ಣೀರು ಒರೆಸಿಕೊಂಡರೋ ಅಥವಾ ಕಣ್ಣಿಗೆ ಬಿದ್ದ ಹಿಟ್ಟು ಒರೆಸಿಕೊಂಡರೋ, ಖಾತ್ರಿಯಿಲ್ಲ. ಬರೆಯುವಾಗ ಕಣ್ಣೀರು ಎಂದೇ ಬರೆಯಬೇಕು ಅನ್ನಿಸುತ್ತದೆ. ಅದಕ್ಕೇ ನನಗೆ ಅನುಮಾನ.

ನಾನು ಇಲ್ಲಿನ ಕಾಲೇಜಿನಲ್ಲಿ ಇತಿಹಾಸ ಹೇಳಿಕೊಡುವವಳು. ದಿನಚರಿ ಬರೆಯುವ ಅಭ್ಯಾಸವೂ ಇದೆ. ಎರಡೂ ಸೇರಿ ನೆನಪಿನ ಮೇಲೆ ನನಗಿದ್ದ ನಂಬಿಕೆಯನ್ನು ಕೆಡಿಸಿವೆ. ಅಕ್ಕನ ವಿಷಯದಲ್ಲಿ ನಾನು ಬಹಳ ಸಲ ಹೇಳಿರುವ ಒಂದು ಪ್ರಸಂಗವನ್ನು ದಿನಚರಿಯಲ್ಲಿ ಹುಡುಕಿದೆ. ಆ ದಿನದ ಪುಟದಲ್ಲಿ, ಗ್ಯಾಸ್ ಸಿಲಿಂಡರ್ ಬರಲಿಲ್ಲ ಎಂಬುದನ್ನು ಬಿಟ್ಟರೆ ಏನೂ ಇಲ್ಲ. ಆದ್ದರಿಂದ ಇಲ್ಲಿ ಬರುವ ಮಾತುಗಳೆಲ್ಲ ಅಕ್ಷರಶಃ ಅಕ್ಕನವೇ ಎಂದು ಪ್ರಮಾಣ ಮಾಡಲಾರೆ. ದನಿ ಮಾತ್ರ ಅವರದೇ. ಅದನ್ನು ಒಮ್ಮೆ ಕೇಳಿದವರು ಬೇರೆ ಯಾರದೋ ದನಿಯೆಂದು ತಪ್ಪು ತಿಳಿಯುವುದು ಸಾಧ್ಯವೇ ಇರಲಿಲ್ಲ.

ಊರೆಲ್ಲ ಅವರನ್ನು ಕರೆಯುತ್ತಿದ್ದದ್ದು ಎಕ್ಸ್‌ಚೇಂಜ್ ಅಕ್ಕ ಎಂದು. ಯಗಟಿಯಲ್ಲಿ ಕುರಿ ಸಾಕಿದ ಮನೆತನದ ಹೆಣ್ಣುಮಗಳು. ಮೆಟ್ರಿಕ್ ಮುಗಿಸಿ, ದೂರವಾಣಿ ಕೇಂದ್ರದಲ್ಲಿ ಆಪರೇಟರ್ ಆಗಿ ಮೊದಲು ತರೀಕೆರೆಗೆ, ಆಮೇಲೆ ಕಡೂರಿಗೆ ಬಂದವರು. ಒಂದು ಊರಿನ ಫೋನು ಇನ್ನೊಂದು ಊರಿಗೆ ತಲುಪಬೇಕಾದರೆ ಯಾರಾದರೊಬ್ಬರು ಮಧ್ಯೆ ಕೂತು ವೈರು ಚುಚ್ಚಬೇಕಾಗಿದ್ದ ಕಾಲ ಅದು. ಟ್ರಂಕ್ ಕಾಲ್ ಬುಕ್ ಮಾಡಿ ಜನ ಅರ್ಧ ದಿನ ಕಾಯುತ್ತಿದ್ದರಂತೆ. ಲೈನ್ ಸಿಕ್ಕಿದ ಕೂಡಲೇ ಅಕ್ಕ ಹೇಳುತ್ತಿದ್ದ ಒಂದೇ ಪದ "ಮಾತಾಡಿ". ಯಂತ್ರ ಬಂದು ವೈರು ಚುಚ್ಚುವ ಕೆಲಸ ಹೋಯಿತು. ಅಕ್ಕ ಬೇರೆ ಮೇಜಿನಲ್ಲಿ ಕೂತು ನಿವೃತ್ತರಾದರು. ಆ ಪದ ಮಾತ್ರ ಉಳಿಯಿತು. ಬಾಗಿಲು ತಟ್ಟಿದರೆ ಅವರು ಯಾರು ಎಂದು ಕೇಳುತ್ತಿರಲಿಲ್ಲ. ಬಲಗೈ ಕಿವಿಯ ಹಿಂದೆ ಹೋಗುತ್ತಿತ್ತು, ತಲೆ ಸ್ವಲ್ಪ ವಾಲುತ್ತಿತ್ತು. "ಮಾತಾಡಿ."

ನಾವು ಈ ಬೀದಿಗೆ ಬಂದ ಹೊಸತರಲ್ಲಿ ನನ್ನ ಮಿಕ್ಸಿ ಕೆಟ್ಟಿತು. ಭಾನುವಾರ ಶಿವಮೊಗ್ಗಕ್ಕೆ ಹೋಗಿ ರಿಪೇರಿ ಮಾಡಿಸೋಣ ಎಂದು ಬ್ಯಾಗಿಗೆ ಹಾಕಿಕೊಂಡು ಹೊರಟೆ. ಅಕ್ಕ ಗೇಟಿನಲ್ಲಿ ನಿಂತಿದ್ದರು. ಬ್ಯಾಗಿನ ಬಾಯಿ ಅಗಲಿಸಿ ಒಳಗೆ ನೋಡಿಯೇಬಿಟ್ಟರು.

"ಎಲ್ಲಿಗೆ ಇದರ ಮೆರವಣಿಗೆ?"

"ಶಿವಮೊಗ್ಗಕ್ಕೆ ಅಕ್ಕ. ಇಲ್ಲಿ ಯಾರು ಸರಿಯಾಗಿ ಮಾಡ್ತಾರೆ?"

"ಕೇಳಿದ್ಯಾ ಯಾರನ್ನಾದ್ರೂ? ಕೇಳ್ದೇನೇ ಲೈನ್ ಇಲ್ಲ ಅಂದ್ರೆ ಹೆಂಗಮ್ಮ? ಕಡೂರಲ್ಲಿ ಸಿಗದೇ ಇದ್ರೆ ತರೀಕೆರೇಲಿ ನೋಡು. ಅಲ್ಲೂ ಇಲ್ವಾ, ಅಜ್ಜಂಪುರದಲ್ಲಿ ನೋಡು. ಅಜ್ಜಂಪುರದಲ್ಲೂ ಸಿಗದೇ ಇರೋ ವಸ್ತು ಮನುಷ್ಯರಿಗೆ ಬೇಕಾಗಿಲ್ಲ ಅಂತ ತಿಳ್ಕೋ."

ನಾನು ಅಜ್ಜಂಪುರದವಳೇ ಆದ್ದರಿಂದ ಕೊನೆಯ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಅಕ್ಕ ಅಜ್ಜಂಪುರದ ಹೆಸರೆತ್ತಲೇ ಇಲ್ಲ, ಅದು ನೀನು ಸೇರಿಸಿಕೊಂಡದ್ದು ಎಂದು ನಮ್ಮ ಯಜಮಾನರು ಇವತ್ತಿಗೂ ವಾದಿಸುತ್ತಾರೆ. ಇರಬಹುದು. ಮಿಕ್ಸಿ ಅಂತೂ ತರೀಕೆರೆಯ ಒಬ್ಬರ ಬಳಿ ಹೋಯಿತು, ಸರಿಯಾಗದೆ ವಾಪಸ್ ಬಂದಿತು, ಅಕ್ಕನ ಜೊತೆ ಮತ್ತೆ ಹೋಯಿತು. ಅಂಗಡಿಯವರ ಎದುರಿನ ಸ್ಟೂಲಿನಲ್ಲಿ ಕೂತು ಅಕ್ಕ ಅವರಿಗೆ ಏನು ಹೇಳಿದರೋ ನನಗೆ ಕೇಳಿಸಲಿಲ್ಲ. ಬಯ್ಯುವಾಗ ಅಕ್ಕನ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ಲೈನ್ ಬಿಡುವಿಲ್ಲ, ಕಾಯಬೇಕು ಎಂದು ಹೇಳುವ ಆಪರೇಟರ್ ದನಿ. ಅಂಗಡಿಯವರ ಹಣೆಯಲ್ಲಿ ಬೆವರು ಕಂಡಿತು. ಅದೇ ಮಿಕ್ಸಿಯಲ್ಲಿ ಇವತ್ತು ಬೆಳಗ್ಗೆ ಚಟ್ನಿ ಅರೆದಿದ್ದೇನೆ.

ಬಸ್ಸು ಹತ್ತಿದ ಮೇಲೆ ಅಕ್ಕನ ದನಿ ಏರಿತು. ಪಕ್ಕದ ಸೀಟಿನ ಹೆಂಗಸಿಗೆ, ಕಂಡಕ್ಟರಿಗೆ, ಬೀರೂರಿನಲ್ಲಿ ಹತ್ತಿದ ಮುದುಕರಿಗೆ ಆ ಅಂಗಡಿಯ ಗುಣಗಾನ ನಡೆಯಿತು. "ಅಕ್ಕ, ಈಗ ತಾನೇ ಬೈದು ಬಂದ್ರಿ" ಎಂದೆ.

"ಬಯ್ಯೋದು ಲೋಕಲ್ ಕಾಲ್ ಕಣೇ. ಅವರ ಅಂಗಡೀಲೇ, ಅವರ ಕಿವಿಗೇ. ಹೊಗಳೋದು ಟ್ರಂಕ್ ಕಾಲ್. ದೂರಕ್ಕೆ ಹೋಗ್ಬೇಕು."

ಈ ಕಟ್ಟಳೆ ಅವರಿಗೆ ಕೆಲಸದಿಂದಲೇ ಬಂದಿತ್ತು ಎಂದು ನನ್ನ ಊಹೆ. ಯಾರ ಮನೆಯ ಸಂಬಂಧ ಮುರಿಯಿತು, ಯಾವ ಮಂಡಿಯವರಿಗೆ ಕೊಬ್ಬರಿಯಲ್ಲಿ ಲುಕ್ಸಾನಾಯಿತು, ಎಲ್ಲ ಅವರ ಕಿವಿಯ ಮೇಲೆ ಹಾದುಹೋಗಿತ್ತು. ಅದರಲ್ಲಿ ಒಂದು ಮಾತನ್ನೂ ನಾವು ಅವರಿಂದ ಕೇಳಲಿಲ್ಲ. ನಾನು ಇತಿಹಾಸದ ಆಸೆಯಿಂದ ಕೆದಕಿದರೆ, "ವೈರು ಕಿತ್ತ ಮೇಲೆ ಲೈನ್ ಸತ್ತಂಗೆ" ಎಂದು ಎದ್ದುಬಿಡುತ್ತಿದ್ದರು.

ಅವರನ್ನು ಸಂತೆಯ ದೇವತೆ ಮಾಡುವ ಉದ್ದೇಶ ನನಗಿಲ್ಲ. ಅವರ ಊರಭಿಮಾನದಿಂದ ನಾವು ತಿಂದ ಕಷ್ಟ, ಮುಖ್ಯವಾಗಿ ತಿಂದ ಬಿಸ್ಕತ್ತು, ಸಾಕಷ್ಟಿದೆ. ಹೊಸ ಬೇಕರಿಯೊಂದು ಸಕ್ಕರೆಯ ಬದಲು ಉಪ್ಪು ಸುರಿದು ಮಾಡಿದ ಒಂದು ಒಬ್ಬೆ ಬಿಸ್ಕತ್ತನ್ನು ಅಕ್ಕ ಬೀದಿಗೆಲ್ಲ ಹಂಚಿ, "ಚಾಯ್ ಜೊತೆ ತಿನ್ರಿ, ಸರಿಹೋಗ್ತದೆ" ಎಂದಿದ್ದರು. ಬೇಕರಿಯವರಿಗೆ ಅವರು ಹೇಳಿದ್ದು ಬೇರೆ ಇರಬೇಕು. ಮುಂದಿನ ವಾರ ಬಿಸ್ಕತ್ತು ಸಿಹಿಯಾಗಿತ್ತು. ಇನ್ನು ನನ್ನ ಬ್ಯಾಗಿನೊಳಗೆ ಇಣುಕುವ ಚಾಳಿ. ಶಿವಮೊಗ್ಗದ ಅಂಗಡಿಯ ಚೀಲ ಕಂಡರೆ ಮೂರು ದಿನ ಮಾತು ಬಿಗಿ. ಒಮ್ಮೆ ನನಗೆ ತಡೆಯಲಾಗಲಿಲ್ಲ. ಅವರ ಅಡುಗೆಮನೆಯ ಬಾಗಿಲಲ್ಲಿ ನಿಂತು, "ನನ್ನ ಬ್ಯಾಗು ನನ್ನದು ಅಕ್ಕ, ಇನ್ನು ಕೈ ಹಾಕ್ಬೇಡಿ" ಎಂದು ಒರಟಾಗಿಯೇ ಹೇಳಿದೆ. ಅವರು ಒಲೆ ಸಣ್ಣ ಮಾಡಿ ಪೂರ್ತಿ ಕೇಳಿಸಿಕೊಂಡರು. "ಸರಿ. ಒಳಗೆ ಬಂದು ಹೇಳಿದ್ಯಲ್ಲ, ಅದು ಒಳ್ಳೇದು. ಕೂತ್ಕೋ, ರೊಟ್ಟಿ ಬಿಸಿ ಐತೆ." ಇಣುಕುವುದನ್ನು ಮಾತ್ರ ನಿಲ್ಲಿಸಲಿಲ್ಲ.

ನನ್ನ ಊರಾದ ಅಜ್ಜಂಪುರದಲ್ಲಿ ಅಷ್ಟು ಒಳ್ಳೆಯ ದರ್ಜಿ ಇದ್ದಾರೆಂದು ನನಗೆ ತೋರಿಸಿಕೊಟ್ಟದ್ದೂ ಯಗಟಿಯ ಈ ಹೆಂಗಸೇ. ಅಲ್ಲಿ ಹುಟ್ಟಿ ಬೆಳೆದ ನಾನು ಕುಪ್ಪಸ ಹೊಲಿಸಲು ಚಿಕ್ಕಮಗಳೂರಿಗೆ ಹೋಗುತ್ತಿದ್ದೆ. ಈಗ ತವರಿಗೆ ಹೋದಾಗಲೆಲ್ಲ ಅದೇ ದರ್ಜಿಯ ಅಂಗಡಿಯ ಮುಂದೆ ನಿಂತು, ನಮ್ಮೂರವರು ಎಂದು ಮನಸ್ಸಿನಲ್ಲೇ ಮೀಸೆ ತಿರುವುತ್ತೇನೆ.

ಇಷ್ಟರ ಮೇಲೆ ಕಂಬಳಿಯ ಕಥೆ. ಇದನ್ನು ನಾನು ಕಣ್ಣಾರೆ ಕಂಡೆ. ದಿನಚರಿಯಲ್ಲಿ ಗ್ಯಾಸ್ ಸಿಲಿಂಡರ್ ಮಾತ್ರ ಇರುವುದೂ ಇದೇ ಪ್ರಸಂಗದ ದಿನ.

ಅಕ್ಕನ ಮನೆತನದಲ್ಲಿ ಯಾವ ಹೆಣ್ಣಿನ ವೀಳ್ಯದ ಶಾಸ್ತ್ರವಾದರೂ, ಅಂದರೆ ಮದುವೆ ಮಾತು ಗಟ್ಟಿಯಾಗುವ ದಿನ, ಮನೆಯ ಕರಿ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಹಾಸುತ್ತಾರೆ. ಅದರ ಮೇಲೆ ಅಕ್ಕಿ ಹರಡಿ, ಕಳಸ ಇಟ್ಟು, ಎರಡೂ ಕಡೆಯವರು ಅದರ ಮುಂದೆ ಎಲೆ ಅಡಿಕೆ ಬದಲಾಯಿಸಿಕೊಳ್ಳುತ್ತಾರೆ. ಆ ಕಂಬಳಿ ಅಕ್ಕನ ತಂದೆ ತಮ್ಮದೇ ಕುರಿಗಳ ಉಣ್ಣೆ ಕೊಟ್ಟು ನೇಯಿಸಿದ್ದು. ಮನೆಗೆ ಹಿರಿಯಳೆಂದು ಅಕ್ಕನ ಬಳಿ ಇತ್ತು. ಅವರ ತಮ್ಮನ ಮಗ, ಅಂದರೆ ಸೋದರಳಿಯ, ಕಡೂರಿನಲ್ಲೇ ಇದ್ದಾನೆ, ಬೋರ್‌ವೆಲ್ ಮೋಟಾರುಗಳ ವ್ಯಾಪಾರಿ. ಅವನ ಮಗಳಿಗೆ ತರೀಕೆರೆ ಕಡೆಯ ಸಂಬಂಧ ಕೂಡಿಬಂದಿತು. "ಕಂಬಳಿ ತಗೊಂಡು ಹೋಗಿ ಚೊಕ್ಕ ಮಾಡ್ಸು" ಎಂದು ಅಕ್ಕ ಅವನ ಕೈಗೆ ಕೊಟ್ಟರು. ಬಿಸಿಲಿಗೆ ಹಾಕಿ, ಕೋಲಿನಿಂದ ಬಡಿದು ಕೊಡವುವುದು ಎಂದು ಅವರ ಅರ್ಥ. ಅದನ್ನು ಬಿಡಿಸಿ ಹೇಳಬೇಕೆಂದು ಅವರಿಗೆ ಅನ್ನಿಸಲಿಲ್ಲ. ಕುರಿಯವರ ಮನೆಯ ಮಗನಿಗೆ ಕಂಬಳಿಯ ವಿಷಯ ಹೇಳುವುದೇನು?

ಅಳಿಯ ಅದನ್ನು ಲಾಂಡ್ರಿಗೆ ಹಾಕಿದ.

ಆ ಲಾಂಡ್ರಿ ಹೊಸದು. ಪಂಚನಹಳ್ಳಿಯ ಹೆಣ್ಣುಮಗಳೊಬ್ಬಳು ಎರಡು ದೊಡ್ಡ ಮೆಷಿನ್ ಇಟ್ಟುಕೊಂಡು ತೆರೆದಿದ್ದಳು. ಅಕ್ಕ ಅಷ್ಟರಲ್ಲೇ ಅದರ ಬಗ್ಗೆ ಹತ್ತು ಕಡೆ ಟ್ರಂಕ್ ಕಾಲ್ ಮಾಡಿ ಆಗಿತ್ತು. ಅತ್ತೆ ಹೊಗಳಿದ ಅಂಗಡಿಗೇ ಕೊಟ್ಟರೆ ಅತ್ತೆಗೆ ಖುಷಿಯಾಗುತ್ತದೆ ಎಂಬುದು ಅಳಿಯನ ಲೆಕ್ಕ. ಶುಭಕಾರ್ಯದ್ದು, ಚೆನ್ನಾಗಿ ಒಗಿ ಎಂದು ಬೇರೆ ಹೇಳಿ ಬಂದಿದ್ದ. ಅವಳು ಶ್ರದ್ಧೆಯಿಂದ ಬಿಸಿನೀರಿನಲ್ಲಿ ಒಗೆದಳು. ಶುಭಕಾರ್ಯದ್ದಲ್ಲವೇ ಎಂದು ಮತ್ತೊಮ್ಮೆ ಹಾಕಿದಳು.

ಸಂಜೆ ಅವಳೇ ಅದನ್ನು ಎತ್ತಿಕೊಂಡು ಅಕ್ಕನ ಮನೆಗೆ ಬಂದಳು. ನಾನು ಅಲ್ಲೇ ಇದ್ದೆ. ದೊಡ್ಡವರು ತಲೆಯಿಂದ ಕಾಲಿನವರೆಗೆ ಹೊದೆಯುತ್ತಿದ್ದ ಕಂಬಳಿ ಕುಗ್ಗಿ ಮಗುವಿನ ಹಾಸಿಗೆಯಷ್ಟಾಗಿತ್ತು. ಹುಣಸೆ ಬೀಜದ ಗಂಜಿ ಕುಡಿಸಿ ಬಿರುಸು ಮಾಡಿದ್ದ ಉಣ್ಣೆ ಹಸಿ ಹಿಟ್ಟಿನ ಮುದ್ದೆಯಂತೆ ಜೋಲುತ್ತಿತ್ತು.

"ಅಮ್ಮಾ, ತಪ್ಪಾಗ್ಬಿಟ್ಟೈತೆ" ಎಂದಳು. "ನಮ್ಮಪ್ಪನ ಮನೇಲೂ ಕಂಬಳಿ ಐತೆ. ಅದನ್ನ ಒಗೆದಿದ್ದೇ ನಾನು ಕಂಡಿಲ್ಲ. ಆದ್ರೂ ಮೆಷಿನ್ ಐತಲ್ಲ ಅಂತ ಹಾಕ್ಬಿಟ್ಟೆ."

ಅಕ್ಕ ಕಂಬಳಿಯ ಒಂದು ಮೂಲೆಯನ್ನು ಹಿಡಿದು ಕೂತರು. ಆಮೇಲೆ, "ನೀನು ಹೋಗವ್ವ. ನಾಳೆ ಅಂಗಡಿಗೆ ಬತ್ತೀನಿ" ಎಂದರು.

ನಾಳೆಯಾಗುವಷ್ಟರಲ್ಲಿ ಅಳಿಯ ಮಾಡಬಾರದ್ದನ್ನು ಮಾಡಿಬಿಟ್ಟಿದ್ದ. ಕುಗ್ಗಿದ ಕಂಬಳಿಯ ಫೋಟೋ ತೆಗೆದು, ಅಂಗಡಿಯ ಹೆಸರು ಹಾಕಿ, ಈ ಲಾಂಡ್ರಿಗೆ ಯಾರೂ ಬಟ್ಟೆ ಕೊಡಬೇಡಿ, ನಮ್ಮ ಮನೆತನದ ಮರ್ಯಾದೆ ಕಳೆದರು ಎಂದು ಊರಿನ ವಾಟ್ಸಾಪ್ ಗುಂಪಿಗೆ ಕಳಿಸಿದ್ದ. ಅದು ಬೀರೂರಿನ ಗುಂಪಿಗೂ ತರೀಕೆರೆಯ ಗುಂಪಿಗೂ ಹೋಗಿ, ತಮ್ಮ ತಮ್ಮ ಕಳೆದುಹೋದ ಅಂಗಿ ಗುಂಡಿಗಳನ್ನೆಲ್ಲ ಜನ ಅವಳ ಮೇಲೆ ಹೊರಿಸಿದ್ದರು. ನಾವು ಹೋದಾಗ ಲಾಂಡ್ರಿಯ ಷಟರ್ ಅರ್ಧ ಇಳಿದಿತ್ತು. ಹಿಂದಿನ ದಿನ ಕೊಟ್ಟಿದ್ದವರು ಒಗೆಯದ ಬಟ್ಟೆಯನ್ನೇ ವಾಪಸ್ ಒಯ್ಯುತ್ತಿದ್ದರು. ಹೀಗೇ ನಡೆದರೆ ಬಾಗಿಲು ಹಾಕಿ ಪಂಚನಹಳ್ಳಿಗೆ ಹೋಗುವುದೇ ಎಂದು ಅವಳು ನನ್ನ ಹತ್ತಿರ ಹೇಳಿದಳು. ಅಕ್ಕನಿಗೆ ಹೇಳುವ ಧೈರ್ಯ ಅವಳಿಗಿರಲಿಲ್ಲ.

ಅಕ್ಕ ಒಳಗೆ ಹೋಗಿ ಷಟರ್ ಪೂರ್ತಿ ಎತ್ತಿಸಿ, ಸ್ಟೂಲಿನಲ್ಲಿ ಕೂತರು. ದನಿ ಇಳಿಯಿತು.

"ನಂಗೆ ಸಿಟ್ಟು ಬಂದಿಲ್ಲ ಅಂತ ತಿಳ್ಕೋಬ್ಯಾಡ. ನಮ್ಮಪ್ಪನ ಕಂಬಳಿ ಅದು. ಗೊತ್ತಿಲ್ಲದ್ದನ್ನ ಯಾಕೆ ಕೈಗೆ ತಗೊಂಡೆ? ಗೊತ್ತಿಲ್ಲ ಅನ್ನೋಕೆ ಏನ್ ರೋಗ ನಿಂಗೆ? ಮೆಷಿನ್ ಐತೆ ಅಂತ ಕುರೀನೇ ತಂದು ಕೊಟ್ರೆ ಹಾಕ್ತಿದ್ಯಾ ಒಳಗೆ?"

ಅಳುತ್ತಿದ್ದ ಅವಳಿಗೆ ನಡುವೆ ನಗು ಬಂದುಬಿಟ್ಟಿತು. ಅಕ್ಕನಿಗೆ ನಗು ಬರಲಿಲ್ಲ. ಅವರು ಬಹಳ ಹೊತ್ತು ಬೈದರು. ಮುಗಿದ ಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡು, "ಆಯ್ತು. ಲೈನ್ ಕಟ್. ಏಳು, ಯಗಟಿ ಬಸ್ ಎಷ್ಟೊತ್ತಿಗೈತೆ?" ಎಂದರು.

ಯಗಟಿಯಲ್ಲಿ ಕಂಬಳಿ ನೇಯುವ ಹಿರಿಯರೊಬ್ಬರು ಕಂಬಳಿಯನ್ನು ಬೆಳಕಿಗೆ ಹಿಡಿದು, "ಕುಗ್ಗಿದ್ದು ಬೆಳೆಯಾಕಿಲ್ಲ ಕಣವ್ವ. ಬಿರುಸು ಬೇಕಾದ್ರೆ ತರಬೌದು" ಎಂದರು. ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ಪುಡಿ ಮಾಡಿ ಗಂಜಿ ಕಾಯಿಸಿದರು. ಬಳಿಯುವುದನ್ನು ಲಾಂಡ್ರಿಯವಳ ಕೈಯಲ್ಲೇ ಮಾಡಿಸಿದರು. ಅವಳು ಮೊದಲು ಹೆದರಿ ಹೆದರಿ ಬಳಿದಳು. ಆಮೇಲೆ ಸೀರೆ ಸೊಂಟಕ್ಕೆ ಸಿಕ್ಕಿಸಿಕೊಂಡು ಮೊಣಕೈವರೆಗೆ ಗಂಜಿಯಲ್ಲಿ ಕೈ ಅದ್ದಿದಳು. ಅಕ್ಕ ಕಟ್ಟೆಯ ಮೇಲೆ ಕೂತು, ಅಪ್ಪನ ಕಂಬಳಿ ಚಿಕ್ಕದಾಗಿಯೇ ಒಣಗುವುದನ್ನು ನೋಡುತ್ತಿದ್ದರು. ಆಗ ಅವರ ಮುಖದಲ್ಲಿ ದುಃಖವಿತ್ತೇ? ಇತ್ತೆಂದು ನನಗೆ ಅನ್ನಿಸುತ್ತದೆ. ಕೇಳಲಿಲ್ಲ.

ಕಡೂರಿನಲ್ಲಿ ಬಸ್ಸಿನಿಂದ ಇಳಿದು ಅಕ್ಕ ನೇರ ಅಳಿಯನ ಅಂಗಡಿಗೆ ಹೋದರು. ಅವನನ್ನೂ ಒಳಗೆ ಕರೆದೇ ಬೈದರು. "ಟ್ರಂಕ್ ಕಾಲ್ ಮಾಡಿ ಬೈದಿದ್ದೀಯಲ್ಲೋ. ಈಗ ಅದೇ ಲೈನ್‌ನಾಗೆ ಸರಿ ಮಾಡು."

"ಏನಂತ ಅತ್ತೆ? ಕಂಬಳಿ ಹಾಳು ಮಾಡಿದ್ಲು, ಥ್ಯಾಂಕ್ಸ್ ಅಂತಾನಾ? ನೀನೇ ಅಲ್ವಾ ಅವಳನ್ನ ಊರೆಲ್ಲ ಹೊಗಳಿದ್ದು? ನಿನ್ನ ಮಾತು ನಂಬಿ ತಾನೇ ಕೊಟ್ಟಿದ್ದು?"

ಈ ಮಾತು ಅಕ್ಕನಿಗೆ ತಾಗಿತು. ಎದ್ದು ಮನೆಗೆ ನಡೆದರು. ಬೀದಿಯ ಕೊನೆಯವರೆಗೂ ಯಾರ ಅಂಗಡಿಯನ್ನೂ ಹೊಗಳಲಿಲ್ಲ.

ವೀಳ್ಯದ ಶಾಸ್ತ್ರದ ದಿನ ಹೊಸ ಕಂಬಳಿಯೊಂದನ್ನು ಅಳಿಯ ತಂದಿಟ್ಟಿದ್ದ. ಅಕ್ಕ ಅದನ್ನು ಪಕ್ಕಕ್ಕೆ ಸರಿಸಿ, ಕುಗ್ಗಿದ ಕಂಬಳಿಯನ್ನೇ ಬಿಡಿಸಿದರು. ನಾಲ್ಕು ಮಡಿಕೆ ಮಾಡಿದರೆ ಕಳಸ ಕೂರುವಷ್ಟೂ ಜಾಗವಿಲ್ಲ. ಒಂದೇ ಮಡಿಕೆ ಮಾಡಿ ಹಾಸಿದರು. ಅಕ್ಕಿ ಹರಡುವಾಗ, ಗಂಡಿನ ಕಡೆಯ ಹಿರಿಯರೊಬ್ಬರು, ತರೀಕೆರೆಯವರು, ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು.

"ಇದೇನವ್ವ, ಯಗಟಿಯೋರ ಕಂಬಳಿ ಇಷ್ಟೇ ಇಷ್ಟು?"

ಅಳಿಯ ನೆಲ ನೋಡಿದ. ಸಂಬಂಧದ ಮಾತು ನಡೆಯುವ ಮನೆಯಲ್ಲಿ ಇಂಥ ಪ್ರಶ್ನೆ ಎಲ್ಲಿಗೆ ಹೋಗುತ್ತದೋ ಎಂದು ನಾನು ಅಕ್ಕನ ಕಡೆ ನೋಡಿದೆ. ಅಕ್ಕ ತಲೆ ಎತ್ತಿದರು. ದನಿಯೂ ಏರಿತು. ಹೊರಗಿನ ಚಪ್ಪರದಲ್ಲಿ ಕೂತವರಿಗೂ ಕೇಳಿಸುವ ಹಾಗೆ ಹೇಳಿದರು:

"ಊರ ಲಾಂಡ್ರೀಲಿ ಒಗೆಸಿದ್ವಿ, ಕುಗ್ಗೋಯ್ತು. ನಾವು ಬಿಡಿಸಿ ಹೇಳ್ಲಿಲ್ಲ, ಅವಳು ಕೇಳ್ಲಿಲ್ಲ. ಆದ್ರೆ ಅವತ್ತೇ ಸಂಜೆ ಕಂಬಳಿ ತಗೊಂಡು ನನ್ನ ಬಾಗ್ಲಿಗೆ ಬಂದು ತಪ್ಪಾಯ್ತು ಅಂದ್ಲು. ಯಗಟಿಗೆ ಬಂದು ಗಂಜಿ ಬಳಿಯೋದು ಕಲ್ತ್ಲು. ಈ ಬಿರುಸು ಅವಳ ಕೈಯಿಂದೇ, ಮುಟ್ಟಿ ನೋಡಿ. ನಿಮ್ಮೂರಾಗೆ ಐತಾ ಅಂಥ ಅಂಗಡಿ?"

ಹಿರಿಯರು ಮುಟ್ಟಿ ನೋಡಿದರು. ಬೆರಳಿನಲ್ಲಿ ತಟ್ಟಿ ನೋಡಿದರು. "ನಮ್ಮೂರಾಗೆ ಕೊಟ್ಟಿದ್ರೆ, ನೀವು ತಂದಿದ್ದೇ ಇಷ್ಟು ಅಂತ ನಮಗೇ ತಿರುಗಿ ಬೀಳ್ತಿದ್ರು" ಎಂದು ನಕ್ಕರು. ಎಲ್ಲರೂ ನಕ್ಕರು. ಆಮೇಲೆ ಅವರು, "ನಮ್ಮನೆ ಕಂಬಳೀನೂ ಗಂಜಿ ಕಂಡು ಕಾಲ ಆಗೋಯ್ತು. ನೇಯೋರನ್ನ ಹುಡುಕ್ಕೊಂಡು ಯಾರು ಹೋಗ್ತಾರೆ? ಎಲ್ಲೈತೆ ಆ ಅಂಗಡಿ?" ಎಂದು ಕೇಳಿದರು.

ಅಕ್ಕ ಅಳಿಯನ ಕಡೆ ತಿರುಗಿದರು. ಬಲಗೈ ಕಿವಿಯ ಹಿಂದೆ ಹೋಯಿತು. "ಲೈನ್ ಸಿಕ್ಕೈತೆ. ಮಾತಾಡು."

ಎಲ್ಲರೂ ಅವನನ್ನೇ ನೋಡುತ್ತಿದ್ದರು. ಬೀಗರಾಗುವವರು ಕೇಳಿದ ವಿಳಾಸ ಹೇಳದಿರಲು ಅವನಿಗೆ ದಾರಿಯಿರಲಿಲ್ಲ. ಬಸ್ ಸ್ಟ್ಯಾಂಡಿನಿಂದ ಎಡಕ್ಕೆ, ಔಷಧಿ ಅಂಗಡಿ ದಾಟಿದ ಮೇಲೆ ಎಂದು ಶುರುಮಾಡಿದವನು, "ಒಳ್ಳೇ ಹೆಣ್ಣುಮಗಳು" ಎಂದು ಮುಗಿಸಿದ. ಆ ಕೊನೆಯ ಮಾತನ್ನು ಯಾರೂ ಕೇಳಿರಲಿಲ್ಲ, ಅವನೇ ಸೇರಿಸಿದ್ದು. ಮಧ್ಯಾಹ್ನ ಊಟವಾದ ಮೇಲೆ, ಕಂಬಳಿಯ ಮೇಲೆ ಕಳಸ ಕೂತಿದ್ದ ಫೋಟೋವನ್ನು ಅದೇ ಗುಂಪಿಗೆ ಹಾಕಿ, ಗಂಜಿ ಹಾಕಿದ್ದು ಆ ಲಾಂಡ್ರಿಯವರೇ ಎಂದು ಬರೆದ. ಕ್ಷಮೆ ಕೇಳಲಿಲ್ಲ. ಅಕ್ಕ ಒತ್ತಾಯಿಸಲೂ ಇಲ್ಲ.

ಲಾಂಡ್ರಿ ಉಳಿಯಿತು. ಈಗ ಅದರ ಗೋಡೆಗೆ ಒಂದು ಹಲಗೆ ಇದೆ: ಕಂಬಳಿ ಒಗೆಯುವುದಿಲ್ಲ, ಕೊಡವಿ ಗಂಜಿ ಹಾಕಿಕೊಡುತ್ತೇವೆ. ಶಾಸ್ತ್ರಗಳ ಕಾಲ ಬಂದರೆ ತರೀಕೆರೆಯಿಂದ, ಅಜ್ಜಂಪುರದಿಂದ ಕಂಬಳಿಗಳು ಬಸ್ಸಿನಲ್ಲಿ ಬಂದಿಳಿಯುತ್ತವೆ. ಶಿವಮೊಗ್ಗದಿಂದಲೂ ಒಂದು ಬಂದಿತ್ತು ಎಂದು ಅಕ್ಕ ನನಗೆ ಹೇಳುವಾಗ ಅವರ ಮುಖ ನೋಡಬೇಕಿತ್ತು. ಆ ಕಂಬಳಿ ನಿಜವಾಗಿ ಶಿವಮೊಗ್ಗದ್ದೋ ಭದ್ರಾವತಿಯದೋ ನಾನು ವಿಚಾರಿಸಲು ಹೋಗಲಿಲ್ಲ. ಕೆಲವು ವಿಷಯಗಳಲ್ಲಿ ನಾನೂ ಇತಿಹಾಸ ಬಿಟ್ಟುಕೊಟ್ಟಿದ್ದೇನೆ.

ಅಕ್ಕನ ಹನ್ನೊಂದನೆಯ ದಿನದ ಕಾರ್ಯಕ್ಕೆ ಊರಿನ ಅರ್ಧ ಅಂಗಡಿಗಳವರು ಬಂದಿದ್ದರು. ಬಡಿಸುವಾಗ ಸಾರಿಗೆ ಉಪ್ಪು ಕಡಿಮೆಯಾಗಿತ್ತು. ಅಡುಗೆಯವರು ನಮ್ಮೂರಿನವರೇ. ಹಿಟ್ಟಿನ ಗಿರಣಿಯವರು ಎಲೆಯ ಮುಂದಿನಿಂದ ಎದ್ದು, ಒಲೆಯ ಬಳಿಗೆ ಹೋಗಿ, ತಗ್ಗಿದ ದನಿಯಲ್ಲಿ ಏನೋ ಹೇಳಿ ಬಂದು ಕೂತರು. ಅಕ್ಕನ ಕಂಬಳಿಯನ್ನು ಅಳಿಯ ಲಾಂಡ್ರಿಯವಳ ಕೈಗೆ ಕೊಡುವುದನ್ನು ಅಲ್ಲೇ ಕಂಡೆ. "ಒಗೀಬೇಡ" ಎಂದ. "ನೀವು ಹೇಳ್ಬೇಕಾ ಅಣ್ಣ?" ಎಂದಳು. ಇಬ್ಬರೂ ಅದನ್ನು ಎರಡು ತುದಿ ಹಿಡಿದು ಮಡಿಸಿದರು. ಒಂದೇ ಮಡಿಕೆ.

ಅಕ್ಕನ ಮೇಲೆ ನನಗೆ ದೂರುಗಳೂ ಇದ್ದವು, ಬ್ಯಾಗಿನದು ಒಂದೇ ಅಲ್ಲ. ಅವನ್ನೆಲ್ಲ ಅವರ ಅಡುಗೆಮನೆಯ ಬಾಗಿಲಲ್ಲೇ ನಿಂತು ಹೇಳಿ ಮುಗಿಸಿದ್ದೇನೆ. ಮಿಕ್ಕದ್ದನ್ನು ಇಲ್ಲಿ ಬರೆದೆ, ದೂರಕ್ಕೆ ಹೋಗಲಿ.